ಯಾಕುತ್ಸ್ಕ್‌ನ ಎದುರು ದಡದಲ್ಲೊಂದು ನಿಲ್ದಾಣ: ಹೆಪ್ಪುಗಟ್ಟಿದ ನೆಲದ ಮೇಲಿನ ಬೆಚ್ಚಗಿನ ಕಟ್ಟಡ

ರಷ್ಯಾದ ಸಖಾ ಗಣರಾಜ್ಯದ ರಾಜಧಾನಿ ಯಾಕುತ್ಸ್ಕ್ ಸುಮಾರು ಮೂರೂವರೆ ಲಕ್ಷ ಜನರ ನಗರ. ಜನವರಿಯ ಸರಾಸರಿ ಉಷ್ಣಾಂಶ ಮೈನಸ್ 38 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಮೈನಸ್ 45, 50 ಎಂದರೆ ಅಲ್ಲಿ ಸುದ್ದಿಯೇ ಅಲ್ಲ. ಅದೇ ನಗರದಲ್ಲಿ ಜುಲೈ ಸರಾಸರಿ 19-20 ಡಿಗ್ರಿಗೆ ಏರುತ್ತದೆ. ನಗರವಿರುವುದು ಲೇನಾ ನದಿಯ ಎಡದಂಡೆಯಲ್ಲಿ. ರೈಲು ಬಂದು ನಿಲ್ಲುವುದು ಬಲದಂಡೆಯ ನಿಜ್ನಿ ಬೆಸ್ತ್ಯಾಖ್‌ನಲ್ಲಿ. ದಕ್ಷಿಣದಿಂದ ಬಂದ ಅಮುರ್-ಯಾಕುತ್ಸ್ಕ್ ಮಾರ್ಗದ ಹಳಿ ಅಲ್ಲಿಗೆ ಮುಟ್ಟಿದ್ದು 2011ರಲ್ಲಿ, ಪ್ರಯಾಣಿಕರ ರೈಲು ಅಲ್ಲಿವರೆಗೆ ಬಂದದ್ದು 2019ರಲ್ಲಿ. ಅಲ್ಲಿ ಇಳಿದವರು ನಗರ ಸೇರಬೇಕಾದರೆ ನದಿ ದಾಟಬೇಕು. ಬೇಸಿಗೆಯಲ್ಲಿ ಫೆರ್ರಿ ಇರುತ್ತದೆ, ನಡುಚಳಿಗಾಲದಲ್ಲಿ ಹೆಪ್ಪುಗಟ್ಟಿದ ನದಿಯ ಮೇಲೆಯೇ ರಸ್ತೆ ಬೀಳುತ್ತದೆ. ನೀರು ಗಟ್ಟಿಯಾಗುವ ಮತ್ತು ಮಂಜುಗಡ್ಡೆ ಒಡೆಯುವ ವಾರಗಳಲ್ಲಿ ಗಾಳಿಯ ಮೆತ್ತೆಯ ಮೇಲೆ ತೇಲಿ ಸಾಗುವ ಹೋವರ್‌ಕ್ರಾಫ್ಟ್ ಬಿಟ್ಟರೆ ಹೆಚ್ಚು ದಾರಿಯಿಲ್ಲ.

ರೈಲು, ಬಸ್ಸು, ಟ್ಯಾಕ್ಸಿ ಮೂರೂ ಕೂಡುವ ಒಂದು ನಿಲ್ದಾಣವನ್ನು ಇಂಥ ಜಾಗದಲ್ಲಿ ಕಟ್ಟುವುದಾದರೆ ವಿನ್ಯಾಸಕಾರರು ಯಾವುದನ್ನು ಮೊದಲು ತೀರ್ಮಾನಿಸಬೇಕು? ಈ ಅಧ್ಯಯನದ ಪ್ರಶ್ನೆ ಅದು. ಈಗ ಅಲ್ಲಿರುವ ಕಟ್ಟಡದ ವಿಮರ್ಶೆ ಇದಲ್ಲ. ಆ ನೆಲ, ಆ ಹವೆ, ಆ ಪ್ರಯಾಣಿಕರನ್ನು ಇಟ್ಟುಕೊಂಡು ಮಾಡಿದ ವಿನ್ಯಾಸ ವಿಶ್ಲೇಷಣೆ. ಲೆಕ್ಕಕ್ಕೆ 40 ಮೀಟರ್ ಉದ್ದ, 20 ಮೀಟರ್ ಅಗಲ, 5 ಮೀಟರ್ ಎತ್ತರದ ಒಂದು ಕಾಯುವ ಹಜಾರವನ್ನು ಊಹಿಸಿಕೊಂಡಿದ್ದೇನೆ.

ನೆಲದ ಮಾತು ಮೊದಲು

ಚಳಿ ಪ್ರದೇಶದ ನಿಲ್ದಾಣ ಎಂದ ಕೂಡಲೇ ಎಲ್ಲರ ಗಮನ ಗೋಡೆ ಮತ್ತು ಹೀಟರಿನ ಕಡೆ ಹೋಗುತ್ತದೆ. ಯಾಕುತ್ಸ್ಕ್‌ನಲ್ಲಿ ಮೊದಲು ನೋಡಬೇಕಾದದ್ದು ಕಾಲ ಕೆಳಗೆ. 1828ರಲ್ಲಿ ಶೆರ್ಗಿನ್ ಎಂಬ ವ್ಯಾಪಾರಿ ಅಲ್ಲಿ ನೀರಿಗಾಗಿ ಬಾವಿ ತೋಡಿಸಲು ಶುರುಮಾಡಿದ. ವರ್ಷಗಟ್ಟಲೆ ತೋಡಿ 116 ಮೀಟರ್ ಇಳಿದರೂ ಹೆಪ್ಪುಗಟ್ಟಿದ ಮಣ್ಣು ಮುಗಿಯಲಿಲ್ಲ. ಆ ಬಾವಿ ಇಂದಿಗೂ ಇದೆ. ವರ್ಷವಿಡೀ ಕರಗದೆ ಉಳಿಯುವ ಇಂಥ ನೆಲಕ್ಕೆ ಪರ್ಮಾಫ್ರಾಸ್ಟ್ ಎನ್ನುತ್ತಾರೆ. ಬೇಸಿಗೆಯಲ್ಲಿ ಅದರ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗಿ, ಚಳಿಗಾಲ ಬಂದಾಗ ಮತ್ತೆ ಗಟ್ಟಿಯಾಗುತ್ತದೆ.

ಗಟ್ಟಿಯಾಗಿದ್ದಷ್ಟು ದಿನ ಈ ನೆಲದ ಮೇಲೆ ಏನನ್ನು ಬೇಕಾದರೂ ನಿಲ್ಲಿಸಬಹುದು. ಆದರೆ ಅದರ ಉಷ್ಣಾಂಶ ಸೊನ್ನೆಗಿಂತ ಕೆಲವೇ ಡಿಗ್ರಿ ಕೆಳಗಿರುತ್ತದೆ. ಮಣ್ಣಿನ ಕಣಗಳ ನಡುವೆ ಮಂಜುಗಡ್ಡೆ ತುಂಬಿಕೊಂಡಿರುತ್ತದೆ, ಕೆಲವೆಡೆ ಬರೀ ಗಡ್ಡೆಯ ದೊಡ್ಡ ಪದರಗಳೇ ಇರುತ್ತವೆ. ಅದರ ಮೇಲೆ ಸದಾ ಬೆಚ್ಚಗಿರುವ ಕಟ್ಟಡವನ್ನು ನೇರವಾಗಿ ಕೂರಿಸಿದರೆ ಶಾಖ ನಿಧಾನವಾಗಿ ಕೆಳಗಿಳಿಯುತ್ತದೆ. ಗಡ್ಡೆ ನೀರಾಗುತ್ತದೆ, ಮಣ್ಣು ಕೆಸರಾಗುತ್ತದೆ. ಕಟ್ಟಡದ ನಡುಭಾಗ ಅಂಚುಗಳಿಗಿಂತ ಹೆಚ್ಚು ಕುಸಿದು ಗೋಡೆಗಳಲ್ಲಿ ಬಿರುಕು ಬಿಡುತ್ತದೆ. ಒಳಗಿನವರನ್ನು ಚೆನ್ನಾಗಿ ಬೆಚ್ಚಗಿಟ್ಟಷ್ಟೂ ಕಟ್ಟಡ ಬೇಗ ಹಾಳಾಗುತ್ತದೆ.

ರಷ್ಯಾದ ನಿರ್ಮಾಣ ಸಂಹಿತೆ ಇಂಥ ನೆಲಕ್ಕೆ ಎರಡು ತತ್ವಗಳನ್ನು ಕೊಡುತ್ತದೆ: ನೆಲ ಹೆಪ್ಪುಗಟ್ಟಿಯೇ ಇರುವಂತೆ ನೋಡಿಕೊಂಡು ಕಟ್ಟುವುದು ಒಂದು, ಕರಗುತ್ತದೆ ಎಂದು ಒಪ್ಪಿಕೊಂಡೇ ಕಟ್ಟುವುದು ಇನ್ನೊಂದು. ಯಾಕುತ್ಸ್ಕ್‌ನ ಬಹುಪಾಲು ಕಟ್ಟಡಗಳು ಮೊದಲನೆಯದನ್ನು ಅನುಸರಿಸಿವೆ. ಕಾಂಕ್ರೀಟ್ ಪೈಲ್‌ಗಳನ್ನು (ನೆಲಕ್ಕೆ ಇಳಿಸುವ ಉದ್ದನೆಯ ಕಂಬಗಳನ್ನು) ಹೆಪ್ಪುನೆಲದೊಳಗೆ ಆಳವಾಗಿ ಇಳಿಸಿ, ಅವುಗಳ ತಲೆಯ ಮೇಲೆ ಕಟ್ಟಡವನ್ನು ಎತ್ತಿ ನಿಲ್ಲಿಸುತ್ತಾರೆ. ನೆಲಕ್ಕೂ ಕಟ್ಟಡದ ತಳಕ್ಕೂ ನಡುವೆ ಒಂದೆರಡು ಮೀಟರ್ ಖಾಲಿ ಜಾಗ ಉಳಿಯುತ್ತದೆ. ಚಳಿಗಾಲದ ಗಾಳಿ ಅಲ್ಲಿ ಆಡುತ್ತ, ತಳದಿಂದ ಸೋರಿದ ಶಾಖವನ್ನು ನೆಲ ಮುಟ್ಟುವ ಮೊದಲೇ ಒಯ್ದುಬಿಡುತ್ತದೆ. ಉತ್ತರ ಸೈಬೀರಿಯಾದ ನೊರಿಲ್ಸ್ಕ್‌ನಲ್ಲಿ ಎಂಜಿನಿಯರ್ ಮಿಖಾಯಿಲ್ ಕಿಮ್ ಇಂಥ ಪೈಲ್ ಅಡಿಪಾಯವನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದ ಮೇಲೆ ಉತ್ತರದ ನಗರಗಳಲ್ಲಿ ಬಹುಮಹಡಿ ಕಟ್ಟಡಗಳು ಧೈರ್ಯವಾಗಿ ಎದ್ದವು.

ಗಂಟು ಇರುವುದು ಇಲ್ಲಿ

ಮನೆಗೆ, ಕಚೇರಿಗೆ ಈ ಉಪಾಯ ಚೆನ್ನಾಗಿ ಹೊಂದುತ್ತದೆ. ನಿಲ್ದಾಣಕ್ಕೆ ಹೊಂದುವುದಿಲ್ಲ. ಬಸ್ಸಿನಿಂದ, ರೈಲಿನಿಂದ ಇಳಿದವರು ಮೆಟ್ಟಿಲಿಲ್ಲದೆ ಒಳಗೆ ಬರುವಂತಿರಬೇಕು ಎನ್ನುವುದು ಸಾರ್ವಜನಿಕ ಸಾರಿಗೆಯ ಮೊದಲ ಬೇಡಿಕೆ. ಕಟ್ಟಡ ನೆಲ ಬಿಟ್ಟು ಮೇಲಿರಬೇಕು ಎನ್ನುವುದು ಹೆಪ್ಪುನೆಲದ ಬೇಡಿಕೆ. ಎರಡೂ ಒಂದನ್ನೊಂದು ಎಳೆದಾಡುತ್ತವೆ.

ಒಳನೆಲ ಹೊರಗಿನ ನೆಲಕ್ಕಿಂತ 1.5 ಮೀಟರ್ ಎತ್ತರದಲ್ಲಿದೆ ಎಂದುಕೊಳ್ಳಿ. ಗಾಲಿಕುರ್ಚಿ ಹತ್ತುವಂಥ ಇಳಿಜಾರು ಎಂದರೆ 12ಕ್ಕೆ 1ರ ಪ್ರಮಾಣ. ಅಂದರೆ 18 ಮೀಟರ್ ಉದ್ದದ ರ್ಯಾಂಪ್, ನಡುವೆ ನಿಂತು ಸುಧಾರಿಸಿಕೊಳ್ಳುವ ಸಮತಟ್ಟು ಬೇರೆ. ಮೈನಸ್ 45 ಡಿಗ್ರಿಯಲ್ಲಿ ಬಯಲಲ್ಲಿ ಈ ರ್ಯಾಂಪ್ ಹತ್ತಬೇಕಾದ ಮುದುಕಿಯನ್ನು ನೆನೆಯಿರಿ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈ ಕಂಬಿಯ ಮೇಲೆ. ಕಂಬಿ ಲೋಹದ್ದಾದರೆ ಬರಿಗೈ ಅಂಟಿಕೊಳ್ಳುತ್ತದೆ, ದಪ್ಪ ಕೈಗವಸು ತೊಟ್ಟರೆ ಹಿಡಿತ ಜಾರುತ್ತದೆ. ಕಾಲಡಿಯ ಗಡ್ಡೆ ಕರಗಿಸಲು ಉಪ್ಪೂ ಕೆಲಸಕ್ಕೆ ಬರದು: ಸಾಮಾನ್ಯ ಉಪ್ಪು ಎಷ್ಟೇ ಸುರಿದರೂ ಮೈನಸ್ 21ಕ್ಕಿಂತ ಕೆಳಗೆ ಗಡ್ಡೆಯನ್ನು ಕರಗಿಸುವುದಿಲ್ಲ. ಮರಳು, ಜಲ್ಲಿ ಚೆಲ್ಲುವುದೊಂದೇ ದಾರಿ. ರ್ಯಾಂಪಿನ ಅಡಿಗೆ ಬಿಸಿ ಕೊಳವೆ ಹಾಕೋಣವೆಂದರೆ ಅದೇ ಶಾಖ ಹೆಪ್ಪುನೆಲಕ್ಕೆ ಇಳಿಯುತ್ತದೆ. ಕಾಗದದ ಮೇಲೆ ಈ ರ್ಯಾಂಪ್ ಸರಿಯಾಗಿಯೇ ಕಾಣುತ್ತದೆ. ಆದರೆ ಅದನ್ನು ಸೌಲಭ್ಯ ಎಂದು ಕರೆಯಲು ನನಗೆ ಮನಸ್ಸು ಬಾರದು.

ಈ ಗಂಟನ್ನು ಬಿಡಿಸಲು ರೈಲಿನ ಬದಿಯೇ ದಾರಿ ತೋರಿಸುತ್ತದೆ. ರಷ್ಯಾದ ರೈಲ್ವೆಯಲ್ಲಿ ಎತ್ತರದ ಪ್ಲಾಟ್‌ಫಾರಂ ಹಳಿಯ ಮೇಲ್ಮೈಯಿಂದ 1.1 ಮೀಟರ್ ಮೇಲಿರುತ್ತದೆ. ಹೆಪ್ಪುನೆಲವನ್ನು ಕೆದಕಬಾರದೆಂದು ಹಳಿಯನ್ನೂ ಹೇಗಿದ್ದರೂ ದಿಬ್ಬದ ಮೇಲೆಯೇ ಹಾಕುತ್ತಾರೆ. ದಿಬ್ಬದ ಎತ್ತರ, ಪ್ಲಾಟ್‌ಫಾರಂನ ಎತ್ತರ ಎರಡೂ ಕೂಡಿದರೆ ಪೈಲ್‌ಗಳ ಮೇಲೆ ನಿಂತ ಹಜಾರದ ಒಳನೆಲಕ್ಕೆ ತಾನಾಗಿಯೇ ಸರಿಸಮ ಬರುತ್ತದೆ. ಕಟ್ಟಡವನ್ನು ನೆಲಕ್ಕೆ ಇಳಿಸಲು ಹೆಣಗುವ ಬದಲು ವಾಹನಗಳನ್ನೇ ಆ ಎತ್ತರಕ್ಕೆ ತರುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಬಸ್ಸಿನ ಬದಿಯಲ್ಲೂ ಹಾಗೇ ಮಾಡಬೇಕು. ಹೆಪ್ಪುಗಟ್ಟಿದಾಗ ಉಬ್ಬದ ಜಲ್ಲಿ ತುಂಬಿ ಬಸ್ ರಸ್ತೆಯನ್ನು ಮೆಲ್ಲನೆ ಏರಿಸಿ ತಂದರೆ ಬಸ್ಸಿನ ಒಳನೆಲವೂ ಹಜಾರದ ಒಳನೆಲವೂ ಒಂದೇ ಮಟ್ಟಕ್ಕೆ ಸಿಗುತ್ತವೆ. ಬಸ್ಸಿನ ಚಕ್ರ ಏರುವ ದಿಬ್ಬವನ್ನು ಮನುಷ್ಯರ ಕಾಲು ಏರಬೇಕಾಗಿಲ್ಲ. ನಡೆದು ಬರುವವರಿಗೂ ಟ್ಯಾಕ್ಸಿಯಲ್ಲಿ ಇಳಿಯುವವರಿಗೂ ಇರುವ ರ್ಯಾಂಪನ್ನು ಕಟ್ಟಡದ ಹೊದಿಕೆಯ ಒಳಗೇ, ಪೈಲ್‌ಗಳ ಮೇಲೆ ಕಟ್ಟಬೇಕು.

ದಿಬ್ಬಕ್ಕೂ ಅದರದೇ ಕಷ್ಟವಿದೆ. ಡಾಂಬರಿನ ಕಪ್ಪು ಮೈ ಬೇಸಿಗೆಯ ಬಿಸಿಲನ್ನು ಹೀರುತ್ತದೆ, ಚಳಿಗಾಲದಲ್ಲಿ ಇಕ್ಕೆಲದಲ್ಲಿ ರಾಶಿಯಾಗುವ ಹಿಮ ಕಂಬಳಿಯಂತೆ ನೆಲವನ್ನು ಹೊದ್ದು ಚಳಿ ಇಳಿಯದಂತೆ ತಡೆಯುತ್ತದೆ. ಇದಕ್ಕೆ 2006ರಲ್ಲಿ ಲ್ಹಾಸಾ ತಲುಪಿದ ಚೀನಾದ ಚಿಂಗ್ಹೈ-ಟಿಬೆಟ್ ರೈಲುಮಾರ್ಗದಲ್ಲಿ ಪಳಗಿದ ಉಪಾಯಗಳಿವೆ. ಆ ಮಾರ್ಗದ ಸುಮಾರು 550 ಕಿಲೋಮೀಟರ್ ಹೆಪ್ಪುನೆಲದ ಮೇಲೆಯೇ ಹೋಗುತ್ತದೆ. ಅಲ್ಲಿ ದಿಬ್ಬದೊಳಗೆ ಒಡೆದ ಕಲ್ಲಿನ ಪದರ ಹಾಕಿ ಗಾಳಿ ಆಡಲು ಬಿಟ್ಟಿದ್ದಾರೆ, ಬದಿಯಲ್ಲಿ ಅಮೋನಿಯಾ ತುಂಬಿ ಮುಚ್ಚಿದ ಕೊಳವೆಗಳನ್ನು ನೆಟ್ಟಿದ್ದಾರೆ. ಚಳಿಗಾಲದಲ್ಲಿ ನೆಲದೊಳಗಿನ ತುದಿಯಲ್ಲಿ ಅಮೋನಿಯಾ ಶಾಖ ಹೀರಿ ಆವಿಯಾಗಿ ಮೇಲೇರುತ್ತದೆ, ಹೊರಗಿನ ಚಳಿಗೆ ಶಾಖ ಬಿಟ್ಟುಕೊಟ್ಟು ದ್ರವವಾಗಿ ಕೆಳಗಿಳಿಯುತ್ತದೆ. ಪಂಪು ಬೇಡ, ವಿದ್ಯುತ್ ಬೇಡ. ಬೇಸಿಗೆಯಲ್ಲಿ ಮೇಲ್ತುದಿಯೇ ಬಿಸಿಯಾಗುವುದರಿಂದ ಈ ಓಡಾಟ ತಾನಾಗಿ ನಿಲ್ಲುತ್ತದೆ, ಶಾಖ ಹಿಂದಕ್ಕೆ ಇಳಿಯುವುದಿಲ್ಲ. ಅಲಾಸ್ಕಾದ ತೈಲ ಕೊಳವೆ ಮಾರ್ಗದ ಕಂಬಗಳಲ್ಲೂ ಇಂಥ ಕೊಳವೆಗಳು ಒಂದು ಲಕ್ಷಕ್ಕಿಂತ ಹೆಚ್ಚಿವೆ.

ಬಾಗಿಲು: ಲೆಕ್ಕ ಹಾಕಿ ನೋಡಿದರೆ

ಒಳಗೆ 12 ಡಿಗ್ರಿ, ಹೊರಗೆ ಮೈನಸ್ 45. ವ್ಯತ್ಯಾಸ 57 ಡಿಗ್ರಿ. (ಒಳಗೆ 12 ಸಾಕು. ತುಪ್ಪಳದ ಕೋಟು, ದಪ್ಪ ಬೂಟು ತೊಟ್ಟವರು 20 ಡಿಗ್ರಿಯಲ್ಲಿ ಬೆವರುತ್ತಾರೆ. ಆ ಬೆವರು ಹೊರಗೆ ಹೋದ ಮೇಲೆ ಬಟ್ಟೆಯೊಳಗೇ ತಣ್ಣಗಾಗಿ ಅಪಾಯ ತರುತ್ತದೆ.) ಚೆನ್ನಾಗಿ ಹೊದಿಸಿದ ಗೋಡೆ, ಚಾವಣಿ, ತಳ, ಗೋಡೆಯ ಕಾಲುಭಾಗ ಮೂರು ಪದರದ ಗಾಜು ಎಂದುಕೊಂಡರೆ, ನಮ್ಮ ಹಜಾರದ ಹೊದಿಕೆಯಿಂದ ಸೋರುವ ಶಾಖ ಸುಮಾರು 27 ಕಿಲೋವ್ಯಾಟ್. ಇಷ್ಟು ದೊಡ್ಡ ಹಜಾರಕ್ಕೆ ಇದು ಕಡಿಮೆಯೇ.

ಈಗ 2 ಮೀಟರ್ ಅಗಲ, 2.2 ಮೀಟರ್ ಎತ್ತರದ ಒಂದೇ ಒಂದು ಬಾಗಿಲನ್ನು ನೇರ ಹೊರಕ್ಕೆ ತೆರೆದಿಡಿ. ಹೊರಗಿನ ಗಾಳಿ ಒಳಗಿನದಕ್ಕಿಂತ ಸುಮಾರು ಕಾಲುಪಾಲು ಹೆಚ್ಚು ತೂಕದ್ದು. ಅದು ಬಾಗಿಲಿನ ಕೆಳಭಾಗದಿಂದ ನೀರಿನಂತೆ ಒಳನುಗ್ಗುತ್ತದೆ, ಬೆಚ್ಚಗಿನ ಗಾಳಿ ಮೇಲ್ಭಾಗದಿಂದ ಹೊರಬೀಳುತ್ತದೆ. ಹೀಗೆ ಹೋಗುವ ಶಾಖ ಸುಮಾರು 170 ಕಿಲೋವ್ಯಾಟ್. ಉಳಿದ ಕಟ್ಟಡವೆಲ್ಲ ಗಟ್ಟಿಯಾಗಿ ಮುಚ್ಚಿದ್ದಾಗಿನ ಲೆಕ್ಕ ಇದು. ಚಾವಣಿಯಲ್ಲಿ ಸಂದುಗಳಿದ್ದರೆ ಹಜಾರವೇ ಚಿಮಣಿಯಾಗುತ್ತದೆ: ಎತ್ತರ ಒಂದು ಮೀಟರ್ ಹೆಚ್ಚಿದಂತೆ ಗಾಳಿಯನ್ನು ಎಳೆಯುವ ಒತ್ತಡ 3 ಪಾಸ್ಕಲ್‌ನಷ್ಟು ಏರುತ್ತದೆ, ಒಳನುಗ್ಗುವ ಗಾಳಿ ಇಮ್ಮಡಿ, ಮುಮ್ಮಡಿಯಾಗುತ್ತದೆ. ಗಂಟೆಯಲ್ಲಿ ಒಟ್ಟು ಹತ್ತು ನಿಮಿಷ ಬಾಗಿಲು ತೆರೆದಿದ್ದರೂ ಸಾಕು, ಇಡೀ ಕಟ್ಟಡದ ಮೈಯಿಂದ ಒಂದು ಗಂಟೆಯಲ್ಲಿ ಸೋರುವಷ್ಟು ಶಾಖ ಆ ಒಂದು ಕಂಡಿಯಿಂದ ಹೋಗಿರುತ್ತದೆ. ಗೋಡೆಗೆ ಇನ್ನೂ ಹತ್ತು ಸೆಂಟಿಮೀಟರ್ ಹೊದಿಕೆ ಸೇರಿಸುವ ದುಡ್ಡನ್ನು ಬಾಗಿಲಿಗೆ ಹಾಕಿ ಎನ್ನುವುದು ಇದೇ ಕಾರಣಕ್ಕೆ. ಎತ್ತರದ ಭವ್ಯ ಹಜಾರದ ಆಸೆಯನ್ನೂ ಇಲ್ಲಿ ಬಿಡಬೇಕು. ಚಾವಣಿ ತಗ್ಗಿದಷ್ಟೂ ಒಳ್ಳೆಯದು.

ಯಾಕುತ್ಸ್ಕ್‌ನಲ್ಲಿ ಒಂದರ ಹಿಂದೆ ಒಂದು ಎರಡು, ಮೂರು ಬಾಗಿಲುಗಳಿರುವುದು ರೂಢಿ. ಒಬ್ಬೊಬ್ಬರಾಗಿ ಬರುವಾಗ ಅದು ಸೊಗಸಾಗಿ ನಡೆಯುತ್ತದೆ. ಮೊದಲ ಬಾಗಿಲು ಮುಚ್ಚಲು ನಾಲ್ಕೈದು ಸೆಕೆಂಡು ಬೇಕು, ಅಷ್ಟರಲ್ಲಿ ಮನುಷ್ಯ ಐದಾರು ಮೀಟರ್ ನಡೆದಿರುತ್ತಾನೆ. ಹಾಗಾಗಿ ಬಾಗಿಲುಗಳ ನಡುವೆ ಅಷ್ಟು ದೂರ ಇದ್ದರೆ ಎರಡೂ ಒಟ್ಟಿಗೆ ತೆರೆಯುವ ಪ್ರಸಂಗವೇ ಬರದು. ಆದರೆ ರೈಲು ಬಂದಾಗ ಇನ್ನೂರು ಜನ ಲಗೇಜ್ ಸಮೇತ ಒಂದೇ ಸಲ ಇಳಿಯುತ್ತಾರೆ. ಆಗ ಮೂರು ಬಾಗಿಲುಗಳೂ ಹತ್ತು ನಿಮಿಷ ಹಾರುಹೊಡೆದೇ ಇರುತ್ತವೆ. ಸುತ್ತುವ ಬಾಗಿಲು ಹಾಕೋಣವೆಂದರೆ ಮಕ್ಕಳು, ಗಾಲಿಕುರ್ಚಿ, ದೊಡ್ಡ ಪೆಟ್ಟಿಗೆ ಎಲ್ಲ ಅಲ್ಲೇ ಸಿಕ್ಕಿಕೊಳ್ಳುತ್ತವೆ.

ಒಂಟಿಯಾಗಿ ಬರುವವರ ದಾರಿಯನ್ನೂ ಗುಂಪಿನ ದಾರಿಯನ್ನೂ ಬೇರೆ ಮಾಡುವುದೇ ಇದಕ್ಕೆ ತಕ್ಕ ಉತ್ತರ. ಪ್ಲಾಟ್‌ಫಾರಂನಿಂದ ಬರುವ ಗುಂಪು ಮೊದಲು ಹೊಕ್ಕುವುದು ಉದ್ದನೆಯ ನಡುಹಜಾರಕ್ಕೆ. ಅಲ್ಲಿ ಉಷ್ಣಾಂಶ ಸೊನ್ನೆಯ ಸುತ್ತಮುತ್ತ ಇದ್ದರೆ ಸಾಕು. ಗಾಳಿಯ ಹೊಡೆತವಿಲ್ಲ, ಕಾಲಡಿ ಗಡ್ಡೆಯಿಲ್ಲ, ಚಳಿಯ ಬಟ್ಟೆ ತೊಟ್ಟವರಿಗೆ ಸೊನ್ನೆ ಡಿಗ್ರಿ ಹಿತವಾಗಿಯೇ ಇರುತ್ತದೆ. ಬಸ್ ಹತ್ತುವವರು ಅಲ್ಲಿಂದಲೇ ನೇರ ಬಸ್ಸಿನ ಕಡೆ ನಡೆದುಬಿಡುತ್ತಾರೆ, ಬೆಚ್ಚಗಿನ ಹಜಾರದ ಬಾಗಿಲನ್ನು ಮುಟ್ಟುವುದೇ ಇಲ್ಲ. ಕಾಯಬೇಕಾದವರು ಮಾತ್ರ ಇನ್ನೊಂದು ಬಾಗಿಲು ದಾಟಿ 12 ಡಿಗ್ರಿಯ ಹಜಾರಕ್ಕೆ ಹೋಗುತ್ತಾರೆ.

ಗಾಜಿನ ಮೇಲಿನ ಹಿಮ

ಯಾಕುತ್ಸ್ಕ್ ನಗರದೊಳಗೆ ಮುಚ್ಚಿದ, ಬಿಸಿ ಮಾಡಿದ ಬಸ್ ತಂಗುದಾಣಗಳಿವೆ. ಕಜಕಸ್ತಾನದ ಅಸ್ತಾನಾದಲ್ಲೂ ಅಂಥವಿವೆ. ಎಲ್ಲ ಚಳಿ ನಗರಗಳಿಗೂ ಇವು ಬೇಕು. ಆದರೆ ಇವುಗಳ ಗಾಜಿನಲ್ಲಿ ಒಂದು ತೊಡಕಿದೆ. ಒಳಗೆ ನಿಂತವರ ಉಸಿರಿನ ಆವಿ ಗಾಜಿನ ಮೇಲೆ ಹಿಮವಾಗಿ ಕೂರುತ್ತದೆ. ಬೆರಳುಗುರಿನಿಂದ ಕೆರೆದು ನಾಣ್ಯದಗಲ ಕಿಂಡಿ ಮಾಡಿ ಬಸ್ಸಿನ ನಂಬರ್ ನೋಡಬೇಕು. ಒಂದು ನಿಮಿಷದಲ್ಲಿ ಕಿಂಡಿ ಮತ್ತೆ ಮುಚ್ಚುತ್ತದೆ. ಬಸ್ ತಪ್ಪೀತೆಂಬ ಭಯಕ್ಕೆ ಜನ ಬೆಚ್ಚಗಿನ ಕೋಣೆ ಬಿಟ್ಟು ಹೊರಗೆ ನಿಲ್ಲುತ್ತಾರೆ. ಹೀಟರಿಗೆ ಸುರಿದ ವಿದ್ಯುತ್ತೆಲ್ಲ ವ್ಯರ್ಥ.

ಲೆಕ್ಕ ಸರಳ. ಸುಮ್ಮನೆ ಕೂತ ಮನುಷ್ಯ ಗಂಟೆಗೆ ಸುಮಾರು 50 ಗ್ರಾಂ ನೀರನ್ನು ಉಸಿರು, ಚರ್ಮದಿಂದ ಗಾಳಿಗೆ ಬಿಡುತ್ತಾನೆ. ಇನ್ನೂರು ಜನರಿಂದ ಗಂಟೆಗೆ ಹತ್ತು ಲೀಟರ್ ನೀರು. ಹಜಾರದ ತೇವಾಂಶ ಶೇಕಡಾ 40 ಇದ್ದರೆ, ಮೈನಸ್ 1 ಡಿಗ್ರಿಗೆ ಇಳಿದ ಯಾವ ಮೇಲ್ಮೈಯಲ್ಲೂ ಹಿಮ ಕೂರತೊಡಗುತ್ತದೆ. ಒಂಟಿ ಗಾಜಿನ ಒಳಮೈ ಆಗ ಮೈನಸ್ 31ರಲ್ಲಿರುತ್ತದೆ, ಸಾದಾ ಜೋಡಿ ಗಾಜಿನದು ಮೈನಸ್ 9ರಲ್ಲಿ. ಶಾಖ ತಡೆಯುವ ಲೇಪವಿರುವ ಮೂರು ಪದರದ ಗಾಜಿನದು ಮಾತ್ರ 5 ಡಿಗ್ರಿಯಲ್ಲಿ ನಿಲ್ಲುತ್ತದೆ. ಎಂದರೆ ಮೂರು ಪದರ ಇಲ್ಲಿ ಐಷಾರಾಮವಲ್ಲ, ಬಸ್ ಕಾಣಬೇಕಾದರೆ ಅದು ಬೇಕೇ ಬೇಕು. ಅಷ್ಟಾದರೂ ಚೌಕಟ್ಟಿನ ಅಂಚಿನಲ್ಲಿ ಹಿಮ ಕಟ್ಟುತ್ತದೆ, ಅಲ್ಲಿ ಬಿಸಿಗಾಳಿಯ ಸೀಳು ಇಡಬೇಕು. ದುಡ್ಡು ಕಡಿಮೆಯಿದ್ದರೆ ಗಾಜನ್ನೇ ಕಡಿಮೆ ಮಾಡಿ, ಕೂತವರ ಕಣ್ಣಿನ ಮಟ್ಟದಲ್ಲಿ ಬಸ್ ಬರುವ ದಿಕ್ಕಿಗೆ ಒಂದೇ ಒಂದು ಒಳ್ಳೆಯ ಕಿಟಕಿ ಇಟ್ಟು, ಬಸ್ ಬರುವ ಸಮಯ ತೋರಿಸುವ ಫಲಕವನ್ನು ಒಳಗೋಡೆಗೆ ಹಾಕಬೇಕು. ನಾಲ್ಕೂ ಕಡೆ ಗಾಜಿನ ಪೆಟ್ಟಿಗೆ ಚಿತ್ರದಲ್ಲಿ ಮಾತ್ರ ಚೆಂದ.

ಬಸ್ಸು ಉಗುಳುವ ಮಂಜು

ಯಾಕುತ್ಸ್ಕ್‌ನ ಚಳಿಗಾಲದಲ್ಲಿ ಗಾಳಿ ಬೀಸುವುದು ಕಡಿಮೆ. ಸೈಬೀರಿಯಾದ ಮೇಲೆ ಕೂತ ಅಧಿಕ ಒತ್ತಡದ ಹವೆ ತಿಂಗಳುಗಟ್ಟಲೆ ಅಲ್ಲಾಡುವುದಿಲ್ಲ. ಇದೊಂದು ಲಾಭ: ಮೈನಸ್ 40ರಲ್ಲಿ ಗಂಟೆಗೆ 20 ಕಿಲೋಮೀಟರ್ ಗಾಳಿ ಬೀಸಿದರೆ ಚರ್ಮಕ್ಕೆ ಮೈನಸ್ 56ರಂತೆ ನಾಟುತ್ತದೆ, ಆ ಕಾಟ ಇಲ್ಲಿ ಕಡಿಮೆ. ಆದ್ದರಿಂದ ಗಾಳಿ ತಡೆಯುವ ಗೋಡೆಗಳ ಬಗ್ಗೆ ಕೆನಡಾದ ಬಯಲು ನಗರಗಳಲ್ಲಿ ಕಲಿತ ಪಾಠವನ್ನು ಇಲ್ಲಿಗೆ ಹಾಗೇ ತಂದು ಹಾಕಿದರೆ ಉಪಯೋಗ ಸ್ವಲ್ಪವೇ.

ಗಾಳಿಯಿಲ್ಲದ್ದರ ನಷ್ಟವೂ ಇದೆ. ಒಂದು ಕಿಲೋ ಡೀಸೆಲ್ ಉರಿದರೆ ಸುಮಾರು 1.2 ಕಿಲೋ ನೀರಾವಿ ಹುಟ್ಟುತ್ತದೆ, ಒಂದು ಕಿಲೋ ಮೀಥೇನ್ ಅನಿಲದಿಂದ 2.25 ಕಿಲೋ. ಮೈನಸ್ 40ರ ಗಾಳಿ ಒಂದು ಘನ ಮೀಟರಿಗೆ 0.12 ಗ್ರಾಂ ಆವಿಯನ್ನಷ್ಟೇ ಹಿಡಿದುಕೊಳ್ಳಬಲ್ಲದು. ಉಳಿದದ್ದೆಲ್ಲ ಕ್ಷಣದಲ್ಲಿ ಸೂಕ್ಷ್ಮ ಗಡ್ಡೆಯ ಕಣಗಳಾಗಿ ಗಾಳಿಯಲ್ಲೇ ತೂಗುತ್ತದೆ. ಹೀಗೆ ಕವಿಯುವ ಮಂಜಿನಲ್ಲಿ ಕೆಲವು ಮೀಟರ್ ಆಚೆಗೆ ಏನೂ ಕಾಣದ ದಿನಗಳಿರುತ್ತವೆ. ಚಳಿಯಲ್ಲಿ ಎಂಜಿನ್ ಆರಿಸಿದರೆ ಮತ್ತೆ ಹೊತ್ತಿಕೊಳ್ಳದು ಎಂದು ಬಸ್ಸುಗಳನ್ನು ಓಡಿಸುತ್ತಲೇ ನಿಲ್ಲಿಸಿರುತ್ತಾರೆ. ಹತ್ತು ಬಸ್ಸು ಹೀಗೆ ನಿಂತ ನಿಲ್ದಾಣ ತನ್ನ ಮಂಜನ್ನು ತಾನೇ ತಯಾರಿಸಿಕೊಳ್ಳುತ್ತದೆ. ಮಂಜಿನೊಳಗೆ ಹಿಂದಕ್ಕೆ ಬರುವ ಬಸ್ಸಿಗೆ ಅಡ್ಡ ಬಂದ ಮನುಷ್ಯ ಕಾಣುವುದಿಲ್ಲ.

ಬಸ್ಸುಗಳನ್ನು ಮುಚ್ಚಿದ ಹಜಾರದೊಳಕ್ಕೇ ತರುವ ಯೋಚನೆ ಎಲ್ಲರಿಗೂ ಬರುತ್ತದೆ. ನಾನು ಅದರ ಪರವಾಗಿಲ್ಲ. ಬಸ್ಸಿನ ಬಾಗಿಲು ಮನುಷ್ಯರ ಬಾಗಿಲಿಗಿಂತ ಹಲವು ಪಟ್ಟು ದೊಡ್ಡದು, ಒಳಗೆ ತುಂಬುವ ಹೊಗೆಯನ್ನು ಹೊರಹಾಕಲು ಮತ್ತಷ್ಟು ಬಿಸಿಗಾಳಿ ಚೆಲ್ಲಬೇಕು, ಚಕ್ರಕ್ಕೆ ಅಂಟಿ ಬಂದ ಹಿಮವೆಲ್ಲ ಕರಗಿ ಹೆಪ್ಪುನೆಲದ ಕಡೆಗೆ ಹರಿಯುತ್ತದೆ. ಬಸ್ಸು ಹೊರಗೇ ನಿಲ್ಲಲಿ. ನಡುಹಜಾರದ ಗೋಡೆಗೆ ತಾಗಿ ನಿಂತಾಗ ಅದರ ಬಾಗಿಲ ಸುತ್ತ ಒತ್ತಿಕೊಳ್ಳುವ ಮೆತ್ತನೆಯ ಪಟ್ಟಿ ಇದ್ದರೆ ಪ್ರಯಾಣಿಕ ಹೊರಗಾಳಿ ಮುಟ್ಟದೆ ಹತ್ತಬಹುದು. ಪಟ್ಟಿ ಮೈನಸ್ 60ಕ್ಕೂ ಮೆದುವಾಗಿರುವ ಸಿಲಿಕೋನ್‌ನದಾಗಬೇಕು, ಸಾಮಾನ್ಯ ರಬ್ಬರ್ ಅಲ್ಲಿ ಹಲಗೆಯಂತೆ ಸೆಟೆಯುತ್ತದೆ. ಬಸ್ಸು ಮುಂದುಮಾಡಿಯೇ ಬಂದು ಮುಂದುಮಾಡಿಯೇ ಹೋಗುವಂತಿರಬೇಕು, ಹಿಂದಕ್ಕೆ ಚಲಿಸುವ ಪ್ರಸಂಗವೇ ಬೇಡ. ಹೆಚ್ಚು ಹೊತ್ತು ನಿಲ್ಲುವ ಬಸ್ಸಿಗೆ ಎಂಜಿನ್ ಬೆಚ್ಚಗಿಡುವ ವಿದ್ಯುತ್ ಸಂಪರ್ಕ ಕೊಡಬೇಕು. ಕಟ್ಟಡಕ್ಕೆ ಗಾಳಿ ಎಳೆಯುವ ಬಾಯನ್ನು ಬಸ್ಸುಗಳ ಬದಿಯಿಂದ ದೂರ, ಚಾವಣಿಗಿಂತ ಮೇಲಿಡಬೇಕು. ಮಂಜು ದಟ್ಟವಾಗಿ ಕೂರುವುದು ನೆಲದ ಹತ್ತಿರ.

ಹೊರಗಿನ ಉಕ್ಕು, ಕೇಬಲ್, ಫಲಕಗಳ ವಿಷಯ ಉದ್ದಕ್ಕೆ ಹೇಳಬೇಕಾಗಿಲ್ಲ. ರಷ್ಯಾದ ಮಾನದಂಡದಲ್ಲಿ ಶೀತ ಹವೆಗೆಂದೇ ಮೈನಸ್ 60ರವರೆಗಿನ ವರ್ಗವಿದೆ, ಅದನ್ನೇ ಬರೆಸಿ ಕೊಳ್ಳಬೇಕು. ಸಾಮಾನ್ಯ ಉಕ್ಕು ಆ ಚಳಿಯಲ್ಲಿ ಬಾಗದೆ ಮುರಿಯುತ್ತದೆ. ಬಾಗಿಲನ್ನು ತಾನಾಗಿ ಮುಚ್ಚಿಸುವ ಎಣ್ಣೆಯ ಉಪಕರಣವನ್ನು ಬೆಚ್ಚಗಿನ ಬದಿಗೇ ಕೂರಿಸಬೇಕು. ಹಿಡಿಕೆ ಮರದ್ದಿರಲಿ.

ನದಿ ದಾಟಲಾಗದ ರಾತ್ರಿ

ಈ ನಿಲ್ದಾಣದಲ್ಲಿ ದಿನದ ಬಹುಪಾಲು ಹಜಾರ ಖಾಲಿ, ರೈಲಿನ ಹೊತ್ತಿಗೆ ಮಾತ್ರ ತುಂಬು. ಎಲ್ಲವನ್ನೂ ಸದಾ ಬಿಸಿಯಿಡುವ ಬದಲು, ಐವತ್ತು ಜನರ ಒಂದು ಕೋಣೆಯನ್ನು ಸದಾ ಬೆಚ್ಚಗಿಟ್ಟು ಉಳಿದದ್ದನ್ನು ರೈಲಿನ ವೇಳೆಗೆ ಬಿಸಿ ಮಾಡುವುದು ಉಳಿತಾಯ. ಆದರೆ ಮಂಜುಗಡ್ಡೆ ಇನ್ನೂ ಗಟ್ಟಿಯಾಗದ, ಹೋವರ್‌ಕ್ರಾಫ್ಟೂ ನಿಂತುಹೋದ ರಾತ್ರಿ ಇಡೀ ರೈಲಿನ ಜನ ಇಲ್ಲೇ ಉಳಿಯಬೇಕಾಗಬಹುದು. ಬೇರೆ ಕಡೆಯ ನಿಲ್ದಾಣದಲ್ಲಿ ವಿದ್ಯುತ್ ಹೋದರೆ ಜನರನ್ನು ಹೊರಗೆ ಕಳಿಸುತ್ತಾರೆ, ಇಲ್ಲಿ ಹೊರಗೆ ಕಳಿಸುವಂತಿಲ್ಲ. ಬಾಯ್ಲರ್ ಎರಡಿರಬೇಕು, ಒಂದೊಂದೂ ಒಂಟಿಯಾಗಿಯೇ ಕಟ್ಟಡವನ್ನು ಹೆಪ್ಪುಗಟ್ಟದಂತೆ ಕಾಯುವಷ್ಟು ಶಕ್ತವಾಗಿರಬೇಕು. ಕೊಳವೆಗಳಲ್ಲಿ ಬರೀ ನೀರಿನ ಬದಲು, ಹೆಪ್ಪುಗಟ್ಟುವುದನ್ನು ತಡೆಯುವ ಗ್ಲೈಕಾಲ್ ಎಂಬ ದ್ರವ ಬೆರೆಸಿದ ನೀರು ಹರಿಯಬೇಕು. ಮಲಗಲು ಕೋಣೆ, ಕುಡಿಯಲು ಬಿಸಿನೀರು ಇಲ್ಲಿ ಮೂಲ ನಕ್ಷೆಯಲ್ಲೇ ಇರಬೇಕಾದವು.

ಶೌಚಾಲಯಗಳನ್ನೆಲ್ಲ ಒಂದೇ ಮೂಲೆಗೆ ಸೇರಿಸಬೇಕು. ಹೆಪ್ಪುನೆಲದ ನಗರಗಳಲ್ಲಿ ಕಟ್ಟಡಗಳನ್ನು ಕೆಡಿಸುವ ಮುಖ್ಯ ಕಾರಣಗಳಲ್ಲೊಂದು ಕೆಳಗಿನ ಖಾಲಿ ಜಾಗಕ್ಕೆ ಸೋರುವ ಬೆಚ್ಚಗಿನ ನೀರು. ತೆಳ್ಳಗೆ ಒಸರುವ ಒಂದು ಪೈಪಿನ ಕೂಡುಗಂಟು ಒಂದೆರಡು ಚಳಿಗಾಲದಲ್ಲಿ ಪೈಲ್‌ನ ಸುತ್ತಲಿನ ನೆಲವನ್ನು ಕರಗಿಸಬಲ್ಲದು. ಎಲ್ಲ ಕೊಳವೆಗಳೂ ಕಣ್ಣಿಗೆ ಕಾಣುವಂತೆ, ಮನುಷ್ಯ ಬಗ್ಗಿ ಹೋಗಿ ನೋಡುವಂತೆ ತಳಕ್ಕೆ ತೂಗಿರಬೇಕು. ಬಸ್ ರಸ್ತೆಯಿಂದ ಗುಡಿಸಿದ ಹಿಮವನ್ನು ಆ ಖಾಲಿ ಜಾಗದ ಬಾಯಿಗೆ ರಾಶಿ ಹಾಕುವುದು ಇನ್ನೊಂದು ಸಾಮಾನ್ಯ ತಪ್ಪು. ಗಾಳಿ ಆಡುವುದು ಅಲ್ಲಿಗೆ ನಿಲ್ಲುತ್ತದೆ. ಹಿಮ ಎಲ್ಲಿಗೆ ಹೋಗಬೇಕು ಎಂಬುದನ್ನು ನಕ್ಷೆಯಲ್ಲೇ ಗುರುತು ಮಾಡಿ, ಬಸ್ ದಿಬ್ಬದಿಂದಲೂ ಕಟ್ಟಡದಿಂದಲೂ ದೂರದಲ್ಲಿ ಒಂದು ಜಾಗ ಬಿಡಬೇಕು.

ಹವೆ ಬಿಸಿಯಾಗುತ್ತಿರುವುದರಿಂದ ಇಂದಿನ ನೆಲದ ಉಷ್ಣಾಂಶವನ್ನೇ ನಂಬಿ ಪೈಲ್‌ನ ಆಳ ನಿಗದಿ ಮಾಡುವುದೂ ಸರಿಯಲ್ಲ. ಕಟ್ಟಡದ ಇಡೀ ಆಯುಷ್ಯದಲ್ಲಿ ನೆಲ ಎಷ್ಟು ಬೆಚ್ಚಗಾಗಬಹುದೆಂದು ಅಂದಾಜಿಸಿ ಅದಕ್ಕೆ ತಕ್ಕಂತೆ ಇಳಿಸಬೇಕು, ಮುಂದೆ ಅಮೋನಿಯಾ ಕೊಳವೆ ನೆಡಲು ಪೈಲ್‌ಗಳ ನಡುವೆ ಈಗಲೇ ಜಾಗ ಇಟ್ಟಿರಬೇಕು. ಕಟ್ಟಡದ ನಡುವೆ, ನಾಲ್ಕು ಮೂಲೆಗಳಲ್ಲಿ, ಬಸ್ ದಿಬ್ಬದ ಎರಡೂ ಬದಿಯಲ್ಲಿ ಉಷ್ಣಾಂಶ ಅಳೆಯುವ ಕೊಳವೆಬಾವಿಗಳು ಮೊದಲ ದಿನದಿಂದಲೇ ಇರಬೇಕು. ತಿಂಗಳಿಗೊಮ್ಮೆ ಅವನ್ನು ಓದಿ ಬರೆದಿಡುವ ನೌಕರನ ಸಂಬಳವನ್ನು ಕಟ್ಟಡದ ವೆಚ್ಚಪಟ್ಟಿಯಲ್ಲೇ ಸೇರಿಸಬೇಕು.